ಸುದ್ದಿ ಓದಿದವರು ಸುದ್ದಿವಾಹಿನಿಗಳ ನಿಯಂತ್ರಕರಾಗಬಹುದೇ?

ಪ್ರಶ್ನೆ: ನಾನು ಪತ್ರಿಕೋದ್ಯಮದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೇನೆ. ಫ್ರಾನ್ಸ್‌ನಲ್ಲಿ ಟಿ.ವಿ. ಸುದ್ದಿ ನಿರೂಪಕಿಯಾಗಿದ್ದ ಕ್ರಿಸ್ಟೀನ್ ಕೆಲ್ಲಿ ಎಂಬುವರು ಅಲ್ಲಿನ ಪ್ರಸಾರ ನಿಯಂತ್ರಣ ಮಂಡಳಿಯ ಸದಸ್ಯೆಯಾಗಿ, ಅವಧಿ ಮುಗಿದ ಮೇಲೆ ಮತ್ತೆ ವಾಹಿನಿಗೆ ಮರಳಿದರೆಂದೂ, ಅವರು ನಡೆಸಿಕೊಡುತ್ತಿದ್ದ ಕಾರ್ಯಕ್ರಮದಲ್ಲಿ ಬಂದ ಮಾತುಗಳಿಗಾಗಿ ಅದೇ ಮಂಡಳಿ ವಾಹಿನಿಗೆ ದಂಡ ವಿಧಿಸಿತೆಂದೂ ಓದಿದೆ. ತರಗತಿಯಲ್ಲಿ ಚರ್ಚೆಯಾದಾಗ ಹೆಚ್ಚಿನವರು ಇದು ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದರು. ಪತ್ರಕರ್ತರು ನಿಯಂತ್ರಕರಾಗುವುದು ಸರಿಯೇ? ಹಾಗೆ ಆದವರು ಅಲ್ಲಿ ಕುಳಿತು ನಿಜವಾಗಿ ಏನು ಕೆಲಸ ಮಾಡುತ್ತಾರೆ? ನಮ್ಮ ದೇಶದಲ್ಲಿ ಇಂಥ ಅವಕಾಶ ಇದೆಯೇ?

ಉತ್ತರ: ನೀವು ಓದಿದ್ದು ನಿಜ. ಆದರೆ ನಿಮ್ಮ ತರಗತಿಯ ತೀರ್ಮಾನವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಪತ್ರಕರ್ತರೊಬ್ಬರು ನಿಯಂತ್ರಣ ಮಂಡಳಿಯಲ್ಲಿ ಕುಳಿತದ್ದರಿಂದಲೇ ಮಂಡಳಿಯ ನಿಷ್ಪಕ್ಷಪಾತಕ್ಕೆ ಧಕ್ಕೆ ಬರುತ್ತದೆ ಎನ್ನಲು ಫ್ರಾನ್ಸ್‌ನ ನಾಲ್ಕು ದಶಕಗಳ ಅನುಭವದಲ್ಲಿ ಆಧಾರವಿಲ್ಲ. ಅವರನ್ನು ಯಾರು ನೇಮಿಸುತ್ತಾರೆ, ಎಷ್ಟು ಕಾಲಕ್ಕೆ ನೇಮಿಸುತ್ತಾರೆ, ಹೊರಬಂದ ಮೇಲೆ ಅವರು ಎಲ್ಲಿಗೆ ಹೋಗಬಹುದು ಎಂಬ ಮೂರು ಸಂಗತಿಗಳ ಮೇಲೆ ಬಹುಪಾಲು ಎಲ್ಲವೂ ನಿಂತಿದೆ. ಕೆಲ್ಲಿ ಅವರ ವೃತ್ತಿಜೀವನವನ್ನೂ, ಅವರಿಗಿಂತ ಒಂದು ತಲೆಮಾರು ಹಿಂದಿನ ಮಿಶೆಲ್ ಕೊತಾ ಅವರ ವೃತ್ತಿಜೀವನವನ್ನೂ ಜೊತೆಗಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಕ್ರಿಸ್ಟೀನ್ ಕೆಲ್ಲಿ ಹುಟ್ಟಿದ್ದು 1969ರಲ್ಲಿ, ಕೆರಿಬಿಯನ್ ಸಮುದ್ರದಲ್ಲಿರುವ ಫ್ರಾನ್ಸ್‌ನ ಗ್ವಾಡೆಲೂಪ್ ದ್ವೀಪದಲ್ಲಿ. ಅಲ್ಲಿನ ಸ್ಥಳೀಯ ಮಾಧ್ಯಮದಲ್ಲಿ ಕೆಲಸ ಆರಂಭಿಸಿ, ಮುಂದೆ ಪ್ಯಾರಿಸ್‌ಗೆ ಬಂದು, 2000ದಿಂದ ಎಲ್‌ಸಿಐ ವಾಹಿನಿಯಲ್ಲಿ ಸುದ್ದಿ ನಿರೂಪಿಸಿದರು. ಎಲ್‌ಸಿಐ ಟಿಎಫ್1 ಸಮೂಹಕ್ಕೆ ಸೇರಿದ, 1994ರಲ್ಲಿ ಆರಂಭವಾದ ದಿನವಿಡೀ ಸುದ್ದಿಯ ವಾಹಿನಿ. ಕಪ್ಪುವರ್ಣೀಯ ನಿರೂಪಕಿಯೊಬ್ಬರು ರಾಷ್ಟ್ರೀಯ ಸುದ್ದಿಯ ಮೇಜಿನ ಹಿಂದೆ ಕಾಣಿಸಿಕೊಳ್ಳುವುದು ಆಗಿನ ಫ್ರಾನ್ಸ್‌ನಲ್ಲಿ ಅಪರೂಪವಾಗಿತ್ತು. 2009ರ ಜನವರಿಯಲ್ಲಿ ಸೆನೆಟ್ ಅಧ್ಯಕ್ಷ ಜೆರಾರ್ ಲಾರ್ಶೆ ಅವರು ಕೆಲ್ಲಿ ಅವರನ್ನು ಸಿಎಸ್‌ಎ ಎಂದು ಕರೆಯಲಾಗುತ್ತಿದ್ದ ದೃಶ್ಯ-ಶ್ರವ್ಯ ಮಾಧ್ಯಮಗಳ ಉನ್ನತ ಮಂಡಳಿಗೆ ನೇಮಿಸಿದರು. ಆಗ ಅವರಿಗೆ ಮೂವತ್ತೊಂಬತ್ತು ವರ್ಷ.

ಈ ಮಂಡಳಿಯ ರಚನೆಯನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅದರಲ್ಲೇ ಇದೆ. 1989ರಲ್ಲಿ ಸ್ಥಾಪನೆಯಾದ ಸಿಎಸ್‌ಎಗೆ ಕೆಲ್ಲಿ ಸೇರಿದಾಗ ಒಂಬತ್ತು ಸದಸ್ಯರಿದ್ದರು. ಮೂವರನ್ನು ದೇಶದ ರಾಷ್ಟ್ರಪತಿ, ಮೂವರನ್ನು ಸಂಸತ್ತಿನ ಕೆಳಮನೆಯ ಅಧ್ಯಕ್ಷರು, ಮೂವರನ್ನು ಮೇಲ್ಮನೆಯಾದ ಸೆನೆಟ್‌ನ ಅಧ್ಯಕ್ಷರು ನೇಮಿಸುತ್ತಿದ್ದರು. ಅವಧಿ ಆರು ವರ್ಷ, ಮರುನೇಮಕಕ್ಕೆ ಅವಕಾಶವಿರಲಿಲ್ಲ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದಷ್ಟು ಸದಸ್ಯರು ನಿವೃತ್ತರಾಗಿ ಹೊಸಬರು ಬರುತ್ತಿದ್ದರು. ಸದಸ್ಯರು ಯಾವುದೇ ಪ್ರಸಾರ ಸಂಸ್ಥೆಯ ಉದ್ಯೋಗದಲ್ಲಿ ಇರುವಂತಿಲ್ಲ, ಅದರಲ್ಲಿ ಹಣಕಾಸಿನ ಹಿತಾಸಕ್ತಿ ಹೊಂದುವಂತಿಲ್ಲ. ಮರುನೇಮಕದ ಆಸೆಯೇ ಇಲ್ಲದವನು ನೇಮಿಸಿದವರ ಮುಖ ನೋಡಿ ತೀರ್ಪು ಬರೆಯಬೇಕಾಗಿಲ್ಲ ಎಂಬುದು ಈ ವ್ಯವಸ್ಥೆಯ ಹಿಂದಿನ ತರ್ಕ. 2013ರ ನವೆಂಬರ್‌ನ ಕಾನೂನು ಸದಸ್ಯರ ಸಂಖ್ಯೆಯನ್ನು ಹಂತಹಂತವಾಗಿ ಏಳಕ್ಕೆ ಇಳಿಸಿ, ರಾಷ್ಟ್ರಪತಿಯ ಪಾಲಿಗೆ ಅಧ್ಯಕ್ಷರ ನೇಮಕವನ್ನು ಮಾತ್ರ ಉಳಿಸಿತು. 2022ರ ಜನವರಿ 1ರಂದು ಸಿಎಸ್‌ಎ ಮತ್ತು ಅಂತರ್ಜಾಲದಲ್ಲಿ ಕೃತಿಸ್ವಾಮ್ಯ ಕಾಯುವ ಇನ್ನೊಂದು ಸಂಸ್ಥೆ ಒಂದಾಗಿ ಆರ್ಕೋಮ್ ಎಂಬ ಪ್ರಾಧಿಕಾರವಾಯಿತು.

ಅಲ್ಲಿ ಕುಳಿತು ಏನು ಮಾಡುತ್ತಾರೆ ಎಂದು ಕೇಳಿದ್ದೀರಿ. ಕೆಲ್ಲಿ ಸೇರಿದ ಕೆಲವೇ ತಿಂಗಳಲ್ಲಿ ಮಂಡಳಿಯ ಮುಂದೆ ಬಂದ ಪ್ರಶ್ನೆಯೊಂದು ಇದಕ್ಕೆ ಒಳ್ಳೆಯ ಉದಾಹರಣೆ. ರಾಜಕೀಯ ವ್ಯಕ್ತಿಗಳು ರೇಡಿಯೊ ಮತ್ತು ಟಿ.ವಿ.ಯಲ್ಲಿ ಎಷ್ಟು ಹೊತ್ತು ಮಾತಾಡಿದರು ಎಂಬುದನ್ನು ಫ್ರಾನ್ಸ್‌ನಲ್ಲಿ ಗಡಿಯಾರ ಹಿಡಿದು ಲೆಕ್ಕ ಇಡುತ್ತಾರೆ. ಸರ್ಕಾರಕ್ಕೆ ಒಂದು ಪಾಲು, ಆಡಳಿತ ಪಕ್ಷದ ಸಂಸದರಿಗೆ ಒಂದು ಪಾಲು, ವಿರೋಧ ಪಕ್ಷಕ್ಕೆ ಒಂದು ಪಾಲು ಎಂಬುದು ಹಳೆಯ ಕ್ರಮ. ರಾಷ್ಟ್ರಪತಿ ಪಕ್ಷಗಳಿಗಿಂತ ಮೇಲಿನವರು ಎಂಬ ಕಾರಣಕ್ಕೆ ಅವರ ಮಾತು ಲೆಕ್ಕಕ್ಕೇ ಬರುತ್ತಿರಲಿಲ್ಲ. ನಿಕೊಲಾ ಸಾರ್ಕೋಜಿ ರಾಷ್ಟ್ರಪತಿಯಾಗಿ ದಿನನಿತ್ಯದ ರಾಜಕೀಯ ಚರ್ಚೆಗೆ ನೇರವಾಗಿ ಇಳಿದ ಮೇಲೆ ಈ ಕ್ರಮ ಅಸಂಗತವಾಗಿ ಕಾಣತೊಡಗಿತು. ಸಮಾಜವಾದಿ ನಾಯಕ ಫ್ರಾಂಸ್ವಾ ಒಲಾಂದ್ ಮತ್ತು ಸಂಸದ ದಿದಿಯೆ ಮಾತ್ಯುಸ್ ಹೂಡಿದ ದಾವೆಯಲ್ಲಿ, ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯವಾದ ಕೊನ್ಸೇಯ್ ದೆತಾ 2009ರ ಏಪ್ರಿಲ್ 8ರಂದು ರಾಷ್ಟ್ರಪತಿಯ ಮಾತನ್ನು ಪೂರ್ತಿಯಾಗಿ ಲೆಕ್ಕದಿಂದ ಹೊರಗಿಡುವಂತಿಲ್ಲ ಎಂದು ಹೇಳಿತು. ಅದೇ ವರ್ಷದ ಜುಲೈ 21ರಂದು ಸಿಎಸ್‌ಎ ಹೊಸ ನಿಯಮ ಮಾಡಿತು. ರಾಷ್ಟ್ರಪತಿ ರಾಜಕೀಯ ಚರ್ಚೆಯ ಭಾಗವಾಗಿ ಆಡಿದ ಮಾತು, ಅವರ ಸಲಹೆಗಾರರ ಮಾತು, ಸರ್ಕಾರದ ಮಾತು, ಆಡಳಿತ ಪಕ್ಷದ ಮಾತು ಇವೆಲ್ಲ ಸೇರಿ ಎಷ್ಟಾಗುತ್ತದೆಯೋ ಅದರ ಅರ್ಧದಷ್ಟಾದರೂ ವಿರೋಧ ಪಕ್ಷಕ್ಕೆ ಸಿಗಬೇಕು.

ರಾಷ್ಟ್ರಪತಿಯ ಯಾವ ಮಾತು ರಾಜಕೀಯ, ಯಾವುದು ದೇಶದ ಮುಖ್ಯಸ್ಥನಾಗಿ ಆಡಿದ್ದು? ಪ್ರವಾಹಪೀಡಿತ ಊರಿಗೆ ಹೋಗಿ ಸಾಂತ್ವನ ಹೇಳುತ್ತ ನಡುವೆ ಎರಡು ವಾಕ್ಯ ವಿರೋಧ ಪಕ್ಷವನ್ನು ಟೀಕಿಸಿದರೆ ಅದನ್ನು ಯಾವ ಖಾತೆಗೆ ಬರೆಯಬೇಕು? ಮೂರು ನಿಮಿಷದ ವರದಿಯಲ್ಲಿ ನಾಯಕರ ಧ್ವನಿ ಇಪ್ಪತ್ತು ಸೆಕೆಂಡು ಮಾತ್ರ ಕೇಳಿ ಉಳಿದದ್ದು ವರದಿಗಾರರ ಧ್ವನಿಯಾದರೆ? ನಡುರಾತ್ರಿ ಎರಡು ಗಂಟೆಗೆ ಮರುಪ್ರಸಾರವಾದ ಹತ್ತು ನಿಮಿಷ ಸಂಜೆ ಎಂಟು ಗಂಟೆಯ ಹತ್ತು ನಿಮಿಷಕ್ಕೆ ಸಮವೇ? ಇಂಥ ಪ್ರಶ್ನೆಗಳಿಗೆ ಕಾನೂನಿನ ಪುಸ್ತಕದಲ್ಲಿ ಸಿದ್ಧ ಉತ್ತರ ಸಿಗುವುದಿಲ್ಲ. ಸುದ್ದಿಮನೆಯಲ್ಲಿ ಬುಲೆಟಿನ್ ಕಟ್ಟಿದವರಿಗೆ, ಸ್ಟುಡಿಯೊದಲ್ಲಿ ಅತಿಥಿಯ ಮಾತನ್ನು ಎಲ್ಲಿ ತಡೆಯಬೇಕೆಂದು ಕಿವಿಯಲ್ಲಿನ ಯಂತ್ರದಿಂದ ಸೂಚನೆ ಪಡೆದವರಿಗೆ, ಸಮಯವನ್ನು ಹೇಗೆ ಜಾಣತನದಿಂದ ಹಂಚಲಾಗುತ್ತದೆ ಎಂಬುದು ಗೊತ್ತಿರುತ್ತದೆ. ನಡುರಾತ್ರಿಯ ಪ್ರಶ್ನೆ ನಾನು ಊಹಿಸಿ ಕೇಳಿದ್ದಲ್ಲ. ಒಂದು ವಾಹಿನಿ ಕೆಲವು ರಾಜಕೀಯ ಪಕ್ಷಗಳ ಪಾಲಿನ ಸಮಯವನ್ನು ಹೆಚ್ಚಾಗಿ ನಡುರಾತ್ರಿಯ ನಂತರ ತುಂಬುತ್ತಿದೆ ಎಂಬ ಕಾರಣಕ್ಕೇ ಸಿಎಸ್‌ಎ 2021ರ ಡಿಸೆಂಬರ್‌ನಲ್ಲಿ ಎಚ್ಚರಿಕೆಯ ನೋಟಿಸ್ ಕೊಟ್ಟಿತು. ಆ ವಾಹಿನಿ ಸಿಎನ್ಯೂಸ್. ಕೆಲ್ಲಿ ಅವರು ಆ ಹೊತ್ತಿಗೆ ಕೆಲಸ ಮಾಡುತ್ತಿದ್ದುದು ಅಲ್ಲೇ. ಅದಕ್ಕೆ ಮುಂದೆ ಬರುತ್ತೇನೆ.

2012ರ ರಾಷ್ಟ್ರಪತಿ ಚುನಾವಣೆಯೂ ಅವರ ಅವಧಿಯಲ್ಲೇ ನಡೆಯಿತು. ಆಗ ಕಣದಲ್ಲಿದ್ದವರು ಹತ್ತು ಮಂದಿ. ಅಧಿಕೃತ ಪ್ರಚಾರದ ಅವಧಿಯಲ್ಲಿ ಸಮೀಕ್ಷೆಗಳಲ್ಲಿ ಒಂದೆರಡು ಶೇಕಡಾ ಮಾತ್ರ ಇದ್ದ ಅಭ್ಯರ್ಥಿಗೂ ಹಾಲಿ ರಾಷ್ಟ್ರಪತಿಗೂ ವಾಹಿನಿಗಳು ಸಮಾನ ಕಾಲ ಕೊಡಬೇಕಿತ್ತು. ಸಂಪಾದಕರಿಗೆ ಈ ನಿಯಮ ಎಷ್ಟು ಕಷ್ಟದ್ದೆಂಬುದು ಅದನ್ನು ಪಾಲಿಸಿದವರಿಗೇ ಗೊತ್ತು. ಆದರೂ ಮತದಾರನ ದೃಷ್ಟಿಯಿಂದ ಇದಕ್ಕಿಂತ ನ್ಯಾಯವಾದದ್ದು ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ಕೆಲ್ಲಿ ಅವರ ಹೆಸರು ಫ್ರಾನ್ಸ್‌ನ ಗಡಿ ದಾಟಿ ಕೇಳಿಬಂದದ್ದು 2011ರಲ್ಲಿ. ಸುದ್ದಿ ನಿರೂಪಕರು ಕಾರ್ಯಕ್ರಮದ ಕೊನೆಯಲ್ಲಿ ‘ನಮ್ಮನ್ನು ಫೇಸ್‌ಬುಕ್‌ನಲ್ಲಿ, ಟ್ವಿಟ್ಟರ್‌ನಲ್ಲಿ ಅನುಸರಿಸಿ’ ಎಂದು ಹೆಸರು ಹಿಡಿದು ಹೇಳುವುದು ಸರಿಯಲ್ಲ ಎಂದು ಮಂಡಳಿ ತೀರ್ಮಾನಿಸಿತು. 1992ರ ಆಜ್ಞೆಯೊಂದು ಕಾರ್ಯಕ್ರಮದೊಳಗೆ ಮರೆಮಾಚಿದ ಜಾಹೀರಾತನ್ನು ನಿಷೇಧಿಸುತ್ತದೆ. ಖಾಸಗಿ ಕಂಪನಿಯ ಹೆಸರನ್ನು ದಿನವೂ ಉಚ್ಚರಿಸುವುದು ಅದರ ವ್ಯಾಪ್ತಿಗೆ ಬರುತ್ತದೆ ಎಂಬುದು ಮಂಡಳಿಯ ವಾದ. ಆ ಜಾಲತಾಣಗಳೇ ಸುದ್ದಿಯಾಗಿರುವಾಗ ಹೆಸರು ಹೇಳಬಹುದು, ‘ಸಾಮಾಜಿಕ ಜಾಲತಾಣಗಳಲ್ಲಿ ನಮ್ಮನ್ನು ನೋಡಿ’ ಎಂದು ಸಾಮಾನ್ಯವಾಗಿಯೂ ಹೇಳಬಹುದು. ಇದನ್ನು ಸಾರ್ವಜನಿಕವಾಗಿ ಸಮರ್ಥಿಸಿಕೊಂಡವರು ಕೆಲ್ಲಿ. ಕೋಟ್ಯಂತರ ಡಾಲರ್ ಬೆಲೆಯ ಫೇಸ್‌ಬುಕ್‌ಗೆ ಮಾತ್ರ ಈ ಉಪಕಾರವೇಕೆ, ಗುರುತಿಸಿಕೊಳ್ಳಲು ಹೆಣಗುತ್ತಿರುವ ಇತರ ಸಣ್ಣ ಜಾಲತಾಣಗಳಿಗೆ ಏಕಿಲ್ಲ ಎಂಬ ಅರ್ಥದ ಮಾತನ್ನು ಅವರು ಆಡಿದರು. ಅಮೆರಿಕ ಮತ್ತು ಬ್ರಿಟನ್‌ನ ಪತ್ರಿಕೆಗಳು ಇದನ್ನು ನಗೆಪಾಟಲು ಮಾಡಿದವು. ಇಂದು ಹಿಂದಿರುಗಿ ನೋಡಿದರೆ, ಸುದ್ದಿಯ ಮೇಲೆ ನಾಲ್ಕಾರು ಕಂಪನಿಗಳ ಹಿಡಿತದ ಬಗ್ಗೆ ಜಗತ್ತು ಆತಂಕಪಡುವ ಎಷ್ಟೋ ಮೊದಲೇ ಆ ಮಂಡಳಿ ಸರಿಯಾದ ಪ್ರಶ್ನೆಯನ್ನೇ ಕೇಳಿತ್ತು ಎಂದು ನನಗನಿಸುತ್ತದೆ.

ಅದೇ ವರ್ಷದ ಜುಲೈನಲ್ಲಿ, ಕಾರ್ಯಕ್ರಮದ ನಡುವೆ ಜಾಹೀರಾತು ಬಂದೊಡನೆ ಟಿ.ವಿ.ಯ ಸದ್ದು ಏರುವುದನ್ನು ತಡೆಯಲು ಮಂಡಳಿ ಧ್ವನಿಮಟ್ಟದ ಮಿತಿಯನ್ನು ಗೊತ್ತುಮಾಡಿತು. 2014ರ ಫೆಬ್ರುವರಿ 1ರಂದು, ಮಹಿಳೆಯರ ಕ್ರೀಡೆಗೆ ತೆರೆಯ ಮೇಲೆ ಜಾಗವೇ ಇಲ್ಲವೆಂಬ ಕೊರಗಿಗೆ ಉತ್ತರವಾಗಿ, ವಾಹಿನಿಗಳನ್ನೆಲ್ಲ ಒಪ್ಪಿಸಿ ಒಂದು ದಿನ ಪೂರ್ತಿ ಅದಕ್ಕಾಗಿ ಮೀಸಲಿಡುವ ಕಾರ್ಯಕ್ರಮವನ್ನು ಮಂಡಳಿ ನಡೆಸಿತು. ಅದರ ಮುಂದಾಳತ್ವ ಕೆಲ್ಲಿ ಅವರದಾಗಿತ್ತು. ನಿಯಂತ್ರಣ ಎಂದರೆ ದಂಡ ಹಾಕುವುದು ಎಂದಷ್ಟೇ ತಿಳಿದವರಿಗೆ ಇವೆಲ್ಲ ಸಣ್ಣ ಸಂಗತಿಗಳಾಗಿ ಕಾಣಬಹುದು. ಸಾಮಾನ್ಯ ವೀಕ್ಷಕರ ಮನೆಯನ್ನು ನಿಜವಾಗಿ ತಲುಪುವುದು ಇಂಥವೇ.

ಆ ಮಂಡಳಿಯಲ್ಲಿ ಕೆಲ್ಲಿ ಒಬ್ಬರೇ ಟಿ.ವಿ. ಪತ್ರಕರ್ತೆಯಾಗಿರಲಿಲ್ಲ. ಫ್ರಾನ್ಸ್ 2 ವಾಹಿನಿಯಲ್ಲಿ ಸುದ್ದಿ ಓದುತ್ತಿದ್ದ ರಶೀದ್ ಅರ್ಹಾಬ್ 2007ರಿಂದ 2013ರವರೆಗೆ ಸದಸ್ಯರಾಗಿದ್ದು, ತೆರೆಯ ಮೇಲೆ ಯಾವ ಸಮುದಾಯದವರು ಎಷ್ಟು ಕಾಣಿಸಿಕೊಳ್ಳುತ್ತಾರೆ ಎಂಬ ಅಧ್ಯಯನದ ಹೊಣೆ ಹೊತ್ತರು. ಅದೇ ವಾಹಿನಿಯ ಫ್ರಾಂಸ್ವಾಸ್ ಲಬೋರ್ದ್ ಕೆಲ್ಲಿ ಅವರ ಜೊತೆಗೇ ಬಂದರು. ಫ್ರಾನ್ಸ್ 3ರ ಯುದ್ಧ ವರದಿಗಾರ್ತಿ ಮೆಮೊನಾ ಹಿಂಟರ್‌ಮಾನ್ 2013ರಲ್ಲಿ ಸೇರಿದರು. ಅವರು ಹುಟ್ಟಿದ್ದು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ; ತಂದೆ ಭಾರತೀಯ ಮೂಲದ ಮುಸ್ಲಿಮರು. ಈ ಎಲ್ಲ ನೇಮಕಗಳ ಹಿಂದೆ ಒಂದು ಬೇಡಿಕೆಯ ಚರಿತ್ರೆಯಿದೆ. ಫ್ರಾನ್ಸ್‌ನ ಬೀದಿಯಲ್ಲಿ ಕಾಣುವ ಮುಖಗಳು ಅದರ ಟಿ.ವಿ.ಯಲ್ಲಿ ಏಕೆ ಕಾಣುವುದಿಲ್ಲ ಎಂದು ಕೇಳುತ್ತ, ಕ್ಯಾಮರೂನ್ ಮೂಲದ ಲೇಖಕಿ ಕ್ಯಾಲಿಕ್ಸ್ತ್ ಬೆಯಾಲಾ ಅವರ ಮುಂದಾಳತ್ವದ ಗುಂಪೊಂದು 1999ರಲ್ಲಿ ಸಿಎಸ್‌ಎ ಬಾಗಿಲು ತಟ್ಟಿತ್ತು. ಆಗ ಸಿಎಸ್‌ಎ ಅಧ್ಯಕ್ಷರಾಗಿದ್ದವರು ಎರ್ವೆ ಬೂರ್ಜ್. ಅವರೂ ಮೂಲತಃ ಪತ್ರಕರ್ತರೇ.

ಬೂರ್ಜ್ ಅವರ ಹೆಸರಿನಿಂದ ಮಿಶೆಲ್ ಕೊತಾ ಅವರಿಗೆ ದಾರಿ ಸಿಗುತ್ತದೆ, ಏಕೆಂದರೆ 1983ರಲ್ಲಿ ಬೂರ್ಜ್ ಅವರನ್ನು ಟಿಎಫ್1 ವಾಹಿನಿಯ ಅಧ್ಯಕ್ಷರನ್ನಾಗಿ ನೇಮಿಸಿದ್ದು ಕೊತಾ ಅವರ ಮುಖ್ಯಸ್ಥಿಕೆಯ ಪ್ರಾಧಿಕಾರ. ಇಡೀ ವಿಷಯದಲ್ಲಿ ನಿಮಗೆ ಹೆಚ್ಚು ಕಲಿಸಬಲ್ಲ ವೃತ್ತಿಜೀವನ ಇವರದೇ ಎಂಬುದು ನನ್ನ ಅಭಿಪ್ರಾಯ. 1937ರಲ್ಲಿ ನೀಸ್ ನಗರದಲ್ಲಿ ಹುಟ್ಟಿದ ಕೊತಾ, ಜರ್ಮನ್ ಆಕ್ರಮಣದ ಕಾಲದಲ್ಲಿ ಶತ್ರುವಿನೊಡನೆ ಕೈಜೋಡಿಸಿದ ಫ್ರೆಂಚ್ ಪತ್ರಿಕೆಗಳ ಬಗ್ಗೆ ಸಂಶೋಧನೆ ಮಾಡಿದವರು. 1960ರ ದಶಕದಲ್ಲಿ ‘ಲೆಕ್ಸ್‌ಪ್ರೆಸ್’ ವಾರಪತ್ರಿಕೆಯ ರಾಜಕೀಯ ವರದಿಗಾರ್ತಿಯಾದರು. ಆ ಪತ್ರಿಕೆಯ ಫ್ರಾಂಸ್ವಾಸ್ ಜಿರೂ ಅವರು ಯುವತಿಯರನ್ನು ರಾಜಕೀಯ ವರದಿಗಾರಿಕೆಗೆ ಕಳಿಸುವ ಧೈರ್ಯ ಮಾಡಿದ್ದ ಕಾಲವದು. ಮುಂದೆ ರೇಡಿಯೊ, ಟಿ.ವಿ. ಎರಡರಲ್ಲೂ ಕೆಲಸ ಮಾಡಿದರು. 1981ರ ಮೇ 5ರಂದು ಆಗಿನ ರಾಷ್ಟ್ರಪತಿ ಜಿಸ್ಕಾರ್ ದೆಸ್ತಾಂ ಮತ್ತು ಚುನಾವಣೆಯಲ್ಲಿ ಅವರ ಎದುರಾಳಿ ಫ್ರಾಂಸ್ವಾ ಮಿತ್ತರಾಂ ನಡುವಿನ ಟಿ.ವಿ. ಚರ್ಚೆಯನ್ನು ಜ್ಯಾಂ ಬ್ವಾಸೊನಾ ಅವರೊಡನೆ ನಡೆಸಿಕೊಟ್ಟರು. ಐದು ದಿನಗಳ ನಂತರ ಮಿತ್ತರಾಂ ಗೆದ್ದು ರಾಷ್ಟ್ರಪತಿಯಾದರು. ಅದೇ ವರ್ಷ ಕೊತಾ ಸಾರ್ವಜನಿಕ ಸಂಸ್ಥೆಯಾದ ರೇಡಿಯೊ ಫ್ರಾನ್ಸ್‌ನ ಅಧ್ಯಕ್ಷರಾದರು.

ಅಲ್ಲಿಯವರೆಗೆ ಫ್ರಾನ್ಸ್‌ನಲ್ಲಿ ಪ್ರಸಾರ ಎಂದರೆ ಸರ್ಕಾರದ ಏಕಸ್ವಾಮ್ಯ. ವಾಹಿನಿಯ ಮುಖ್ಯಸ್ಥರು ಯಾರೆಂಬುದನ್ನು ಮಂತ್ರಿಗಳು ತೀರ್ಮಾನಿಸುತ್ತಿದ್ದರು. ನಮ್ಮ ಆಕಾಶವಾಣಿ ಮತ್ತು ದೂರದರ್ಶನದ ಚರಿತ್ರೆ ಬಲ್ಲ ಕನ್ನಡ ಓದುಗರಿಗೆ ಈ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. 1982ರ ಜುಲೈ 29ರ ಕಾನೂನು ಪ್ರಸಾರ ಮಾಧ್ಯಮ ಸ್ವತಂತ್ರ ಎಂದು ಮೊದಲ ವಾಕ್ಯದಲ್ಲೇ ಘೋಷಿಸಿ, ಸರ್ಕಾರ ಮತ್ತು ವಾಹಿನಿಗಳ ನಡುವೆ ಒಂಬತ್ತು ಜನರ ‘ಉನ್ನತ ಪ್ರಾಧಿಕಾರ’ವನ್ನು ನಿಲ್ಲಿಸಿತು. ಮಿತ್ತರಾಂ ಅದರ ಅಧ್ಯಕ್ಷ ಸ್ಥಾನಕ್ಕೆ ಆರಿಸಿದ್ದು ಕೊತಾ ಅವರನ್ನು. ಸದಸ್ಯರಲ್ಲಿ ರಾಯಭಾರಿಯಾಗಿದ್ದ ಸ್ಟೆಫಾನ್ ಹೆಸೆಲ್ ಅವರಂಥವರೂ ಇದ್ದರು.

ಕೊತಾ ಎದುರಿಸಿದ ಕಷ್ಟಗಳನ್ನು ನೋಡಿದರೆ, ವೃತ್ತಿಯ ತಿಳಿವಳಿಕೆ ಎಷ್ಟಿದ್ದರೂ ಕಾನೂನು ಕೊಡದ ಬಲವನ್ನು ಅದು ತಂದುಕೊಡಲಾರದು ಎಂಬುದು ತಿಳಿಯುತ್ತದೆ. ಸಾರ್ವಜನಿಕ ವಾಹಿನಿಗಳ ಮುಖ್ಯಸ್ಥರನ್ನು ನೇಮಿಸುವ ಅಧಿಕಾರ ಪ್ರಾಧಿಕಾರಕ್ಕಿತ್ತು. ಆದರೆ 1984ರಲ್ಲಿ, ನಿಷ್ಠುರ ಪತ್ರಕರ್ತರೆಂದು ಹೆಸರಾದ ಪಿಯೆರ್ ದೆಗ್ರೋಪ್ ಅವರು ವಯಸ್ಸಿನ ಮಿತಿಯ ಕಾರಣಕ್ಕೆ ಆಂತೆನ್ 2 ವಾಹಿನಿಯನ್ನು ಬಿಡಬೇಕಾಗಿ ಬಂದಾಗ, ಅವರ ಜಾಗಕ್ಕೆ ಬಂದ ಜ್ಯಾಂ-ಕ್ಲೋದ್ ಎಬೆರ್ಲೆ ರಾಷ್ಟ್ರಪತಿ ಭವನದ ಆಯ್ಕೆಯೆಂಬ ಮಾತು ಎಲ್ಲೆಡೆ ಹಬ್ಬಿತು. ಪ್ರಾಧಿಕಾರದೊಳಗೇ ಒಡಕು ಕಾಣಿಸಿತು. ಕಟ್ಟಿಕೊಂಡಿದ್ದ ವಿಶ್ವಾಸಕ್ಕೆ ದೊಡ್ಡ ಪೆಟ್ಟು ಬಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಅನುಮತಿಗಿಂತ ಹೆಚ್ಚು ಶಕ್ತಿಯ ಪ್ರಸಾರಯಂತ್ರ ಬಳಸಿ ಬೇರೆ ಕೇಂದ್ರಗಳ ಧ್ವನಿಯನ್ನು ಅಡಗಿಸುತ್ತಿದ್ದ ಪ್ಯಾರಿಸ್‌ನ ಖಾಸಗಿ ರೇಡಿಯೊಗಳ ಮೇಲೆ ಪ್ರಾಧಿಕಾರ ಕ್ರಮ ಕೈಗೊಂಡಿತು. ಅವುಗಳಲ್ಲಿ ಯುವಜನರಿಗೆ ಪ್ರಿಯವಾದ ಎನ್‌ಆರ್‌ಜೆ ಕೇಂದ್ರವೂ ಇತ್ತು. ಡಿಸೆಂಬರ್ 8ರಂದು ಪ್ಯಾರಿಸ್ ಬೀದಿಗಳಲ್ಲಿ ಯುವಜನರ ಬೃಹತ್ ಮೆರವಣಿಗೆ ನಡೆಯಿತು. ತಾಂತ್ರಿಕವಾಗಿ ಪ್ರಾಧಿಕಾರದ ವಾದ ಸರಿಯಾಗಿತ್ತು. ಆದರೆ ಸರ್ಕಾರ ಹಿಂಜರಿಯಿತು, ಅದಿಲ್ಲದೆ ಪ್ರಾಧಿಕಾರ ತನ್ನ ಆದೇಶಕ್ಕೆ ಬೆಲೆ ತರಲಾರದೆ ಹೋಯಿತು.

ಇನ್ನೊಂದು ಕೊರತೆ ಹುಟ್ಟಿನಿಂದಲೇ ಬಂದದ್ದು. ರಾಷ್ಟ್ರಮಟ್ಟದ ಖಾಸಗಿ ಟಿ.ವಿ. ವಾಹಿನಿಗೆ ಅನುಮತಿ ಕೊಡುವ ಅಧಿಕಾರವನ್ನು ಸರ್ಕಾರ ತನ್ನ ಕೈಯಲ್ಲೇ ಇಟ್ಟುಕೊಂಡಿತ್ತು. 1984ರ ನವೆಂಬರ್‌ನಲ್ಲಿ ಶುರುವಾದ ಕನಾಲ್ ಪ್ಲುಸ್ ಹಾಗೇ ಬಂದದ್ದು. 1985ರಲ್ಲಿ ಇಟಲಿಯ ಸಿಲ್ವಿಯೊ ಬೆರ್ಲುಸ್ಕೋನಿ ಪಾಲುದಾರರಾಗಿದ್ದ ಲಾ ಸಾಂಕ್ ವಾಹಿನಿಗೂ ಅನುಮತಿ ಸಿಕ್ಕಿದ್ದು ಸರ್ಕಾರದಿಂದಲೇ. 1986ರಲ್ಲಿ ಬಲಪಂಥೀಯರು ಅಧಿಕಾರಕ್ಕೆ ಬಂದು ಹೊಸ ಕಾನೂನು ಮಾಡಿ ಆ ಪ್ರಾಧಿಕಾರವನ್ನೇ ರದ್ದುಮಾಡಿದರು. ಒಂಬತ್ತು ವರ್ಷದ ಅವಧಿಗೆ ಬಂದ ಕೊತಾ ನಾಲ್ಕೇ ವರ್ಷದಲ್ಲಿ ಹೊರನಡೆಯಬೇಕಾಯಿತು. ಅದರ ಜಾಗಕ್ಕೆ ಬಂದ ಆಯೋಗವೂ ಮೂರು ವರ್ಷ ಬಾಳಲಿಲ್ಲ. ಅದರ ಬೆನ್ನಿಗೇ ಸಿಎಸ್‌ಎ ಬಂತು. ಸರ್ಕಾರ ಬದಲಾದಾಗಲೆಲ್ಲ ನಿಯಂತ್ರಕ ಸಂಸ್ಥೆಯನ್ನೇ ಬದಲಿಸುವ ಈ ಚಾಳಿ 1989ಕ್ಕೆ ನಿಂತದ್ದು ಫ್ರಾನ್ಸ್‌ನ ಪುಣ್ಯ.

ಈಗ ನಿಮ್ಮ ತರಗತಿಯ ಆಕ್ಷೇಪಕ್ಕೆ ಬರೋಣ. 1987ರಲ್ಲಿ ಟಿಎಫ್1 ಖಾಸಗಿಯಾಗಿ ಬುಯಿಗ್ ಎಂಬ ಕಟ್ಟಡ ನಿರ್ಮಾಣ ಕಂಪನಿಯ ಪಾಲಾಯಿತು. ಅದೇ ವರ್ಷ ಕೊತಾ ಅದರ ಸುದ್ದಿ ವಿಭಾಗದ ನಿರ್ದೇಶಕರಾದರು, 1992ರವರೆಗೂ ಅಲ್ಲಿದ್ದರು. ಪ್ರಾಧಿಕಾರ ಮುಚ್ಚಿದ ಮೇಲೆ ಹೆಚ್ಚು ಕಾಲ ಕಳೆದಿರಲಿಲ್ಲ. 1988ರ ಏಪ್ರಿಲ್ 28ರಂದು ಮಿತ್ತರಾಂ ಮತ್ತು ಜಾಕ್ ಶಿರಾಕ್ ನಡುವಿನ ಚರ್ಚೆಯನ್ನು ಎಲಿ ವಾನಿಯೆ ಅವರೊಡನೆ ನಡೆಸಿಕೊಟ್ಟವರೂ ಅವರೇ. ಅಂದರೆ ತಮ್ಮನ್ನು ಪ್ರಾಧಿಕಾರದ ಅಧ್ಯಕ್ಷರನ್ನಾಗಿ ನೇಮಿಸಿದ ಮಿತ್ತರಾಂ ಅವರನ್ನೂ, ಆ ಪ್ರಾಧಿಕಾರವನ್ನು ರದ್ದುಮಾಡಿದ ಸರ್ಕಾರದ ಪ್ರಧಾನಿಯನ್ನೂ ಅವರು ಒಂದೇ ಮೇಜಿನ ಎರಡು ಬದಿಗೆ ಕೂರಿಸಿ ಪ್ರಶ್ನೆ ಕೇಳಬೇಕಾಯಿತು. ಎರಡೂ ಕಡೆಯವರು ಅವರನ್ನು ಒಪ್ಪಿದ್ದು ಅವರ ವೃತ್ತಿನಿಷ್ಠೆಗೆ ಸಂದ ಮನ್ನಣೆ ಎಂದು ನಾನು ತಿಳಿಯುತ್ತೇನೆ. ಹಾಗಿದ್ದರೂ, ನಿಯಂತ್ರಕ ಸ್ಥಾನದಿಂದ ನೇರವಾಗಿ ದೇಶದ ಅತಿದೊಡ್ಡ ವಾಹಿನಿಯ ಆಯಕಟ್ಟಿನ ಹುದ್ದೆಗೆ ಹೋಗುವುದು ಆರೋಗ್ಯಕರ ಪದ್ಧತಿಯಲ್ಲ. ವ್ಯಕ್ತಿ ಎಷ್ಟೇ ಪ್ರಾಮಾಣಿಕರಾಗಿರಲಿ, ಹಿಂದೆ ಕೈಗೊಂಡ ಪ್ರತಿ ತೀರ್ಮಾನದ ಮೇಲೂ ಅನುಮಾನದ ನೆರಳು ಬೀಳುತ್ತದೆ.

ಕೆಲ್ಲಿ ಅವರ ವಿಷಯದಲ್ಲಿ ಕಾಲದ ಅಂತರ ಬೇರೆ. ಇಂದಿನ ಫ್ರೆಂಚ್ ದಂಡ ಸಂಹಿತೆಯ ಪ್ರಕಾರ, ಸಾರ್ವಜನಿಕ ಹುದ್ದೆಯಲ್ಲಿದ್ದು ಒಂದು ಕಂಪನಿಯ ಮೇಲೆ ಅಧಿಕಾರ ಚಲಾಯಿಸಿದವರು ಹುದ್ದೆ ಬಿಟ್ಟ ಮೂರು ವರ್ಷ ಅಲ್ಲಿ ಕೆಲಸಕ್ಕೆ ಸೇರುವುದು ಅಪರಾಧ. ಕೆಲ್ಲಿ 2015ರ ಜನವರಿಯಲ್ಲಿ ಸಿಎಸ್‌ಎ ಬಿಟ್ಟರು. 2019ರ ಅಕ್ಟೋಬರ್‌ನಲ್ಲಿ, ಕನಾಲ್ ಪ್ಲುಸ್ ಸಮೂಹದ ಸಿಎನ್ಯೂಸ್ ವಾಹಿನಿಯಲ್ಲಿ ಪ್ರತಿ ಸಂಜೆಯ ಚರ್ಚಾ ಕಾರ್ಯಕ್ರಮವೊಂದರ ನಿರೂಪಕಿಯಾದರು. ನಡುವೆ ನಾಲ್ಕೂವರೆ ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು. ಅವರ ಜೊತೆ ಮಂಡಳಿಯಲ್ಲಿ ಕುಳಿತವರಲ್ಲಿ ಕೊನೆಯವರ ಅವಧಿಯೂ 2019ರ ಆರಂಭಕ್ಕೆ ಮುಗಿದಿತ್ತು. ಕಾನೂನಿನ ದೃಷ್ಟಿಯಲ್ಲಿ ಇದರಲ್ಲಿ ತಪ್ಪು ಹುಡುಕಲು ಬರುವುದಿಲ್ಲ.

ಆ ಕಾರ್ಯಕ್ರಮದ ಮುಖ್ಯ ಆಕರ್ಷಣೆ ಎರಿಕ್ ಝೆಮೂರ್ ಎಂಬ ವಿವಾದಾತ್ಮಕ ಅಂಕಣಕಾರರು. 2020ರ ಸೆಪ್ಟೆಂಬರ್ 29ರಂದು ಅವರು ಪೋಷಕರಿಲ್ಲದೆ ಫ್ರಾನ್ಸ್‌ಗೆ ಬಂದ ವಲಸೆ ಮಕ್ಕಳೆಲ್ಲರನ್ನೂ ಸಾರಾಸಗಟಾಗಿ ಅಪರಾಧಿಗಳೆಂದು ಕರೆದರು. 2021ರ ಮಾರ್ಚ್‌ನಲ್ಲಿ ಸಿಎಸ್‌ಎ, ಈ ಮಾತುಗಳು ದ್ವೇಷವನ್ನು ಪ್ರಚೋದಿಸುವಂಥವೆಂದೂ, ಪ್ರಸಾರದ ಮೇಲೆ ವಾಹಿನಿ ಹಿಡಿತ ತಪ್ಪಿತೆಂದೂ ಹೇಳಿ ಸಿಎನ್ಯೂಸ್‌ಗೆ 2 ಲಕ್ಷ ಯೂರೊ ದಂಡ ವಿಧಿಸಿತು. ಇಲ್ಲಿ ಎರಡು ಸಂಗತಿ ಗಮನಿಸಿ. ದಂಡ ಬಿದ್ದದ್ದು ಪರವಾನಗಿ ಹೊಂದಿದ ಕಂಪನಿಗೆ. ನಿರೂಪಕರನ್ನಾಗಲಿ ಪತ್ರಕರ್ತರನ್ನಾಗಲಿ ವೈಯಕ್ತಿಕವಾಗಿ ಶಿಕ್ಷಿಸುವ ಅಧಿಕಾರ ಆ ಮಂಡಳಿಗೆ ಇಲ್ಲ, ಇರಲೂಬಾರದು. ಎರಡನೆಯದಾಗಿ, ಮೊದಲು ಎಚ್ಚರಿಕೆಯ ನೋಟಿಸ್ ಕೊಟ್ಟು, ಅದೇ ಬಗೆಯ ತಪ್ಪು ಮರುಕಳಿಸಿದರೆ ಮಾತ್ರ ದಂಡ ಎಂಬುದು ಅಲ್ಲಿನ ಕ್ರಮ. 2013ರ ಕಾನೂನಿನ ನಂತರ, ಆರೋಪವನ್ನು ಪರಿಶೀಲಿಸಿ ಮಂಡಳಿಯ ಮುಂದಿಡುವವರು ಮಂಡಳಿಯ ಸದಸ್ಯರಲ್ಲದ ಸ್ವತಂತ್ರ ವರದಿದಾರರು. ಹಳೆಯ ಸದಸ್ಯೆಯ ಕಾರ್ಯಕ್ರಮವೆಂದು ಮಂಡಳಿ ಕೈ ಸಡಿಲಿಸಲಿಲ್ಲ, ಹೆಚ್ಚು ಕಟುವಾಗಿಯೂ ನಡೆಯಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ, ಚುನಾವಣೆಗೆ ಇಳಿಯುವ ಸೂಚನೆ ಕೊಡುತ್ತಿದ್ದ ಝೆಮೂರ್ ಅವರ ಮಾತನ್ನು ರಾಜಕೀಯ ವ್ಯಕ್ತಿಯ ಮಾತೆಂದು ಲೆಕ್ಕ ಹಾಕಬೇಕು ಎಂದು ಮಂಡಳಿ ತೀರ್ಮಾನಿಸಿದಾಗ ಅವರು ಕಾರ್ಯಕ್ರಮ ಬಿಟ್ಟರು. ಹೀಗಾಗಿ, ಬೇಲಿ ಹೊಲ ಮೇಯಿತು ಎನ್ನಲು ನನಗೆ ಇಲ್ಲಿ ಕಾರಣ ಕಾಣುವುದಿಲ್ಲ.

ಹಾಗೆಂದು ನನಗೆ ಬೇಸರವಿಲ್ಲ ಎಂದಲ್ಲ. ಮಾತಿನ ಸಮಯವನ್ನು ಸೆಕೆಂಡಿನ ಲೆಕ್ಕದಲ್ಲಿ ಹಂಚುವ ನಿಯಮವನ್ನು ಆರು ವರ್ಷ ಜಾರಿಗೊಳಿಸಿದವರು, ಒಂದೇ ಬಗೆಯ ಅಭಿಪ್ರಾಯಕ್ಕೆ ಹೆಚ್ಚು ಜಾಗ ಕೊಡುತ್ತದೆಂಬ ಆಕ್ಷೇಪಕ್ಕೆ ಗುರಿಯಾದ ವಾಹಿನಿಯಲ್ಲಿ ಕುಳಿತದ್ದನ್ನು ಕಂಡಾಗ, ಆ ನಿಯಮದಲ್ಲಿ ನಂಬಿಕೆಯಿಟ್ಟ ವೀಕ್ಷಕರಿಗೆ ನೋವಾಗಿದ್ದರೆ ಅದು ಸಹಜ. ಆದರೆ ಯಾವ ವೇದಿಕೆಯಲ್ಲಿ ಕೆಲಸ ಮಾಡಬೇಕೆಂಬುದು ಪತ್ರಕರ್ತೆಯ ಆಯ್ಕೆ. ಅದನ್ನು ಜೀವನಪರ್ಯಂತ ನಿಷೇಧಿಸಿದರೆ, ನಲವತ್ತು ವರ್ಷದೊಳಗಿನ ಯಾವ ಸಮರ್ಥರೂ ನಿಯಂತ್ರಣ ಮಂಡಳಿಗೆ ಬರುವುದಿಲ್ಲ, ನಿವೃತ್ತರು ಮಾತ್ರ ಬರುತ್ತಾರೆ. ಮೂರು ವರ್ಷದ ಅಂತರವನ್ನು ಐದಕ್ಕೆ ಏರಿಸಿ, ಆ ಕಾಲದ ಜೀವನೋಪಾಯಕ್ಕೆ ಸರ್ಕಾರವೇ ತಕ್ಕಷ್ಟು ಭತ್ಯೆ ಕೊಡುವುದು ಒಳ್ಳೆಯದೆಂಬುದು ನನ್ನ ನಿಲುವು. ಅದೇ ವಾಹಿನಿಯ ವಿಚಾರದಲ್ಲಿ 2024ರ ಫೆಬ್ರುವರಿ 13ರಂದು ಕೊನ್ಸೇಯ್ ದೆತಾ ಕೊಟ್ಟ ತೀರ್ಪನ್ನು ನೀವು ಓದಲೇಬೇಕು. ವಾಹಿನಿಯಲ್ಲಿ ಭಿನ್ನ ಅಭಿಪ್ರಾಯಗಳಿಗೆ ಜಾಗವಿದೆಯೇ ಎಂದು ಅಳೆಯುವಾಗ ರಾಜಕಾರಣಿಗಳ ಮಾತನ್ನಷ್ಟೇ ಎಣಿಸಿದರೆ ಸಾಲದು, ಅಂಕಣಕಾರರು, ನಿರೂಪಕರು, ಅತಿಥಿಗಳು ಸೇರಿ ಎಲ್ಲರ ಅಭಿಪ್ರಾಯಗಳ ವೈವಿಧ್ಯವನ್ನೂ ಆರ್ಕೋಮ್ ಪರಿಗಣಿಸಬೇಕು ಎಂದು ಅದು ಹೇಳಿತು.

ನಿಮ್ಮ ಕೊನೆಯ ಪ್ರಶ್ನೆ ನಮ್ಮ ದೇಶದ್ದು. ಇಲ್ಲಿ ಕಾರ್ಯಕ್ರಮಗಳ ವಸ್ತುವನ್ನು ಗಮನಿಸುವ ಇಂಥ ಶಾಸನಬದ್ಧ ಸ್ವತಂತ್ರ ಪ್ರಾಧಿಕಾರ ಇನ್ನೂ ಇಲ್ಲ. ತರಂಗಗಳು ಸಾರ್ವಜನಿಕ ಆಸ್ತಿ, ಅವುಗಳ ನಿಯಂತ್ರಣ ಸ್ವತಂತ್ರ ಸಾರ್ವಜನಿಕ ಸಂಸ್ಥೆಯ ಕೈಯಲ್ಲಿರಬೇಕು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲೇ ಹೇಳಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ವಾಹಿನಿಗಳ ದರ ಮತ್ತು ವಿತರಣೆಯನ್ನು ನೋಡಿಕೊಳ್ಳುತ್ತದೆ; ವಸ್ತುವಿನ ಮೇಲಿನ ಅಧಿಕಾರ 1995ರ ಕೇಬಲ್ ಕಾಯ್ದೆಯ ಮೂಲಕ ಕೇಂದ್ರ ಸರ್ಕಾರದ ಬಳಿಯೇ ಇದೆ. ಸುದ್ದಿವಾಹಿನಿಗಳು 2008ರಲ್ಲಿ ತಾವೇ ರಚಿಸಿಕೊಂಡ ಪ್ರಾಧಿಕಾರಕ್ಕೆ ಮೊದಲು ನ್ಯಾಯಮೂರ್ತಿ ಜೆ.ಎಸ್. ವರ್ಮಾ, ಅವರ ನಿಧನದ ನಂತರ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದು ಸುಪ್ರೀಂ ಕೋರ್ಟಿಗೆ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್, ಬಳಿಕ ನ್ಯಾಯಮೂರ್ತಿ ಎ.ಕೆ. ಸಿಕ್ರಿ ಅಧ್ಯಕ್ಷರಾದರು. ಅಧ್ಯಕ್ಷ ಸ್ಥಾನ ನ್ಯಾಯಾಧೀಶರಿಗೆ. ಆದರೆ ಸದಸ್ಯರಲ್ಲಿ ಗಣ್ಯ ನಾಗರಿಕರ ಜೊತೆಗೆ ಸುದ್ದಿವಾಹಿನಿಗಳ ಹಾಲಿ ಸಂಪಾದಕರೂ ಇರುತ್ತಾರೆ. ಅಂದರೆ ನಿಮ್ಮ ತರಗತಿಯ ಆಕ್ಷೇಪ ಫ್ರಾನ್ಸ್‌ಗಿಂತ ಹೆಚ್ಚಾಗಿ ಇಲ್ಲಿಗೇ ಅನ್ವಯಿಸುತ್ತದೆ: ಅಲ್ಲಿ ಪತ್ರಕರ್ತೆ ಉದ್ಯೋಗ ಬಿಟ್ಟು ಬಂದು ನಿಯಂತ್ರಕಿಯಾದರು, ಇಲ್ಲಿ ಸಂಪಾದಕರು ತಮ್ಮ ವಾಹಿನಿಯ ಸಂಬಳ ಪಡೆಯುತ್ತಲೇ ಪ್ರತಿಸ್ಪರ್ಧಿ ವಾಹಿನಿಯ ಮೇಲಿನ ದೂರನ್ನು ವಿಚಾರಿಸುತ್ತಾರೆ. ದಂಡದ ಮಿತಿ ಒಂದು ಲಕ್ಷ ರೂಪಾಯಿ ಎಂಬುದನ್ನು ಕಂಡು, ಇದು ಯಾವ ವಾಹಿನಿಯನ್ನು ತಡೆದೀತು ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅಸಮಾಧಾನ ವ್ಯಕ್ತಪಡಿಸಿತು. ಫ್ರಾನ್ಸ್‌ನಲ್ಲಿ ಮಿತಿ ಕಂಪನಿಯ ವಾರ್ಷಿಕ ವಹಿವಾಟಿನ ಶೇ 3ರಷ್ಟು, ತಪ್ಪು ಮರುಕಳಿಸಿದರೆ ಶೇ 5ರಷ್ಟು.

ನಮ್ಮಲ್ಲಿ ಮುಂದೆಂದಾದರೂ ನಿಜವಾದ ಸ್ವತಂತ್ರ ಪ್ರಾಧಿಕಾರ ಬಂದರೆ, ಅದರಲ್ಲಿ ಸುದ್ದಿಮನೆಯ ಅನುಭವವಿದ್ದ ಕನಿಷ್ಠ ಇಬ್ಬರಾದರೂ ಇರಬೇಕು, ಅವರಲ್ಲೊಬ್ಬರು ಹಿಂದಿ ಮತ್ತು ಇಂಗ್ಲಿಷ್ ಬಿಟ್ಟು ಬೇರೆ ಭಾರತೀಯ ಭಾಷೆಯ ವಾಹಿನಿಯಲ್ಲಿ ದುಡಿದವರಾಗಿರಬೇಕು ಎಂದು ನಾನು ಬಯಸುತ್ತೇನೆ. ಕನ್ನಡ ಸುದ್ದಿವಾಹಿನಿಯ ರಾತ್ರಿ ಚರ್ಚೆಯಲ್ಲಿ ಬಳಕೆಯಾದ ಒಂದು ಮಾತು ಜಾತಿನಿಂದನೆಯೋ ಅಲ್ಲವೋ ಎಂಬುದು ದೆಹಲಿಯಲ್ಲಿ ಕುಳಿತು ಅನುವಾದ ಓದುವವರಿಗೆ ಸುಲಭವಾಗಿ ತಿಳಿಯುವುದಿಲ್ಲ. ನೇಮಕ ಒಂದೇ ಕೈಯಲ್ಲಿ ಇರಬಾರದು. ಲೋಕಸಭೆಯ ಸ್ಪೀಕರ್, ರಾಜ್ಯಸಭೆಯ ಸಭಾಪತಿ, ವಿರೋಧ ಪಕ್ಷದ ನಾಯಕ, ಸುಪ್ರೀಂ ಕೋರ್ಟ್ ಇವರೆಲ್ಲರಿಗೂ ಪಾಲಿರಬೇಕು. ಅವಧಿ ಒಂದೇ ಸಲಕ್ಕೆ ಮುಗಿಯಬೇಕು. ಈ ಬಗ್ಗೆ ನೀವು ಪ್ರಬಂಧ ಬರೆಯುವುದಾದರೆ, ಸುದ್ದಿವಾಹಿನಿಗಳ ಸ್ವನಿಯಂತ್ರಣ ಪ್ರಾಧಿಕಾರದ ಸಾರ್ವಜನಿಕ ಆದೇಶಗಳಿಂದ ಆರಂಭಿಸಿ. ಅವುಗಳಲ್ಲಿ ಕನ್ನಡ ವಾಹಿನಿಗಳಿಗೆ ಸಂಬಂಧಿಸಿದವು ಯಾವುವು, ದೂರುದಾರರು ಏನು ಹೇಳಿದರು, ವಾಹಿನಿ ಏನು ಉತ್ತರ ಕೊಟ್ಟಿತು, ಆ ಪೀಠದಲ್ಲಿ ಅಂದು ಯಾವ ಸಂಪಾದಕರು ಕುಳಿತಿದ್ದರು ಎಂಬುದನ್ನು ಒಂದೊಂದಾಗಿ ದಾಖಲಿಸುತ್ತ ಹೋಗಿ.